ಜಪಾನಿನ ಹಳೆಯ ಕತ್ತಿ: ಕೊಳ್ಳುವ ಮುನ್ನ ಬಲ್ಲವರ ಪಕ್ಕ ಕೂರಿ

ಜಪಾನಿನ ಹಳೆಯ ಕತ್ತಿಗಳ ಗೀಳು ಹತ್ತಿದವರು ಸಾಮಾನ್ಯವಾಗಿ ಮೊದಲು ಒಂದನ್ನು ಕೊಂಡುಬಿಡುತ್ತಾರೆ, ಆಮೇಲೆ ಅದನ್ನು ಬಲ್ಲವರಿಗೆ ತೋರಿಸಲು ಒಯ್ಯುತ್ತಾರೆ. ಈ ಎರಡನ್ನು ಅದಲು ಬದಲು ಮಾಡಿಕೊಂಡರೆ ಸಾಕಷ್ಟು ಹಣ ಉಳಿಯುತ್ತದೆ. ಪುಸ್ತಕ ಹೆಸರು, ಕಾಲ, ಮನೆತನಗಳನ್ನು ಕಲಿಸುತ್ತದೆ. ಕಣ್ಣು ಪಳಗಬೇಕಾದರೆ ಒಳ್ಳೆಯ ಅಲಗು ಕೈಯಲ್ಲಿರಬೇಕು, ಪಕ್ಕದಲ್ಲಿ ಕುಳಿತ ಹಿರಿಯ ಸಂಗ್ರಾಹಕರು ‘ಇಲ್ಲಿ ನೋಡಿ’ ಎನ್ನಬೇಕು. ಜಪಾನ್, ಅಮೆರಿಕ, ಯುರೋಪ್‌ಗಳಲ್ಲಿರುವ ಕನ್ನಡಿಗರಿಗೆ ಈ ಅವಕಾಶ ಸುಲಭ. ಇಲ್ಲಿದ್ದವರೂ ಪ್ರವಾಸ ಹೋದಾಗ ಒಂದು ಮಧ್ಯಾಹ್ನವನ್ನು ಇದಕ್ಕೆಂದು ಇಟ್ಟುಕೊಳ್ಳಬಹುದು.

ಹೋಗುವ ಮುನ್ನ

ಬರಿಗೈಯಲ್ಲಿ ಹೋಗಬಹುದು, ಬರಿದಲೆಯಲ್ಲಿ ಹೋಗಬಾರದು. ಕನಿಷ್ಠ ಅಳತೆಗಳಾದರೂ ಗೊತ್ತಿರಲಿ. ಜಪಾನಿನ ಹಳೆಯ ಮಾನ ‘ಶಾಕು’ ಎಂದರೆ 30.3 ಸೆಂಟಿಮೀಟರ್. ಅಲಗು ಒಂದು ಶಾಕುವಿಗಿಂತ ಕಡಿಮೆಯಿದ್ದರೆ ತಾಂತೊ, ಒಂದರಿಂದ ಎರಡರವರೆಗೆ ವಾಕಿಝಾಶಿ, ಎರಡಕ್ಕಿಂತ ಹೆಚ್ಚಿದ್ದರೆ ಕತಾನ ಅಥವಾ ತಾಚಿ. ಅಳೆಯುವುದು ಮೊನೆಯಿಂದ ಬೆನ್ನಿನ ಬುಡದಲ್ಲಿರುವ ಮೆಟ್ಟಿಲವರೆಗೆ, ನೇರ ಗೆರೆಯಲ್ಲಿ. ಹಿಡಿಯೊಳಗೆ ಕೂರುವ ಭಾಗ ಲೆಕ್ಕಕ್ಕಿಲ್ಲ. ಕಾಲದ ವಿಂಗಡಣೆಯೂ ಕಷ್ಟವೇನಲ್ಲ: 1596ಕ್ಕೆ ಮೊದಲಿನವು ಕೊತೊ, ಅಲ್ಲಿಂದ 1780ರವರೆಗಿನವು ಶಿಂತೊ, ಆಮೇಲೆ 1876ರವರೆಗಿನವು ಶಿನ್‌ಶಿಂತೊ. ಸಮುರಾಯಿಗಳು ಸಾರ್ವಜನಿಕವಾಗಿ ಕತ್ತಿ ಧರಿಸುವುದನ್ನು ಸರ್ಕಾರ ನಿಷೇಧಿಸಿದ್ದು ಆ 1876ರಲ್ಲೇ. ಹಳೆಯ ಕಮ್ಮಾರಿಕೆಯ ಐದು ಸಂಪ್ರದಾಯಗಳಾದ ಯಾಮಾತೊ, ಯಾಮಾಶಿರೊ, ಬಿಝೆನ್, ಸೋಶು, ಮಿನೊ ಹೆಸರುಗಳನ್ನು ಬಾಯಿಪಾಠ ಮಾಡಿದ್ದರೆ ಹಿರಿಯರ ಮಾತು ತಲೆಯ ಮೇಲೆ ಹಾರಿಹೋಗುವುದಿಲ್ಲ. ಇಂಗ್ಲಿಷ್ ಓದುವವರಿಗೆ ನಾಗಾಯಾಮಾ ಕೋಕನ್ ಅವರ ಕೈಪಿಡಿ ಅನುವಾದದಲ್ಲಿ ಸಿಗುತ್ತದೆ.

ಬಲ್ಲವರು ಸಿಗುವುದೆಲ್ಲಿ? 1948ರಲ್ಲಿ ಸ್ಥಾಪನೆಯಾದ ನಿಪ್ಪೊನ್ ಬಿಜುತ್ಸು ತೋಕೆನ್ ಹೋಝೊನ್ ಕ್ಯೋಕೈ ಎಂಬ ಖಡ್ಗ ಸಂರಕ್ಷಣಾ ಸಂಸ್ಥೆಗೆ ಅಮೆರಿಕ ಮತ್ತು ಯುರೋಪಿನಲ್ಲೂ ಶಾಖೆಗಳಿವೆ. ಅದರ ವಸ್ತುಸಂಗ್ರಹಾಲಯ 2018ರಿಂದ ಟೋಕಿಯೊದ ರ್‍ಯೋಗೊಕು ಬಡಾವಣೆಯಲ್ಲಿದೆ. ಉಎನೊದಲ್ಲಿರುವ ರಾಷ್ಟ್ರೀಯ ವಸ್ತುಸಂಗ್ರಹಾಲಯ, ಓಕಾಯಾಮಾ ಪ್ರಾಂತ್ಯದ ಒಸಾಫುನೆಯ ಖಡ್ಗ ವಸ್ತುಸಂಗ್ರಹಾಲಯ ಕೂಡ ನೋಡತಕ್ಕವು. ಗಾಜಿನ ಹಿಂದಿನ ಅಲಗನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಯಾರೂ ಬೇಡ ಎನ್ನುವುದಿಲ್ಲ.

ಕೈಗೆ ಕೊಟ್ಟಾಗ

ಉಂಗುರ, ಗಡಿಯಾರ ತೆಗೆದಿಡಿ. ಕತ್ತಿಗೆ ತಲೆಬಾಗಿ ನಮಸ್ಕರಿಸುವುದು ಅಲ್ಲಿನ ರೂಢಿ; ಆಯುಧಪೂಜೆ ಮಾಡುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲಗಿನ ಹರಿತವಾದ ಬಾಯಿ ಮೇಲಕ್ಕಿರುವಂತೆ ಹಿಡಿದು, ಬೆನ್ನು ಒರೆಯ ಒಳಮೈಗೆ ಸವರಿಕೊಂಡು ಬರುವ ಹಾಗೆ, ತಿರುಚದೆ ನಿಧಾನವಾಗಿ ಎಳೆಯಿರಿ. ಬೆರಳು ಉಕ್ಕಿಗೆ ತಾಗಕೂಡದು. ಬೆವರಿನ ಉಪ್ಪು ಕೆಲವೇ ದಿನಗಳಲ್ಲಿ ತುಕ್ಕಿನ ಬೆರಳಚ್ಚು ಮೂಡಿಸುತ್ತದೆ, ಅದನ್ನು ತೆಗೆಯಲು ಸಾಣೆಗಾರನೇ ಬರಬೇಕು. ಬಿಚ್ಚಿದ ಅಲಗಿನ ಮೇಲೆ ಬಾಗಿ ಮಾತಾಡಬೇಡಿ, ಎಂಜಲಿನ ಹನಿ ಸಾಕು ಕಲೆಯಾಗಲು. ಅಲಗಿಗೆ ಆಸರೆ ಬೇಕಾದರೆ ಮೆತ್ತನೆಯ ಬಟ್ಟೆಯ ಮೇಲೆ ಬೆನ್ನಿನ ಭಾಗವನ್ನು ಊರಿ. ಹಿಂತಿರುಗಿಸುವಾಗ ಬಾಯಿ ನಿಮ್ಮ ಕಡೆಗಿರಲಿ. ಇಷ್ಟು ಸರಿಯಾಗಿ ಮಾಡಿದವರಿಗೆ ಹಿರಿಯರು ಎರಡನೆಯ ಕತ್ತಿ ತೆಗೆದು ತೋರಿಸುತ್ತಾರೆ, ಅದು ಸಾಮಾನ್ಯವಾಗಿ ಮೊದಲನೆಯದಕ್ಕಿಂತ ಒಳ್ಳೆಯದಾಗಿರುತ್ತದೆ.

ಬೆಲೆ ಕೇಳಬೇಡಿ. ‘ಇದು ಇಂಥ ಕಾಲದ್ದೆಂದು ಯಾವುದರಿಂದ ಗೊತ್ತಾಯಿತು?’ ಎಂದು ಕೇಳಿ.

ನೋಡುವ ಕ್ರಮ

ಅನುಭವಿಗಳು ಒಂದು ಕ್ರಮ ತಪ್ಪುವುದಿಲ್ಲ: ಮೊದಲು ಆಕಾರ, ಆಮೇಲೆ ಉಕ್ಕಿನ ಮೈ, ಆಮೇಲೆ ಹದದ ಗೆರೆ, ಕೊನೆಗೆ ಮೊನೆ. ಹೆಸರು ಕೆತ್ತಿದ ಭಾಗ ಇವೆಲ್ಲ ಮುಗಿದ ಮೇಲೆ.

ತೋಳು ಚಾಚಿ ಕತ್ತಿಯನ್ನು ನೆಟ್ಟಗೆ ನಿಲ್ಲಿಸಿ ನೋಡಿ. ಅರ್ಧದಷ್ಟು ಉತ್ತರ ಆಕಾರದಲ್ಲೇ ಇದೆ. ಕಾಮಾಕುರ ಯುಗದ ಆರಂಭದ ತಾಚಿಯಲ್ಲಿ ಬಾಗು ಹಿಡಿಯ ಹತ್ತಿರ ಆಳವಾಗಿದ್ದು ಮೊನೆಯ ಕಡೆ ನೆಟ್ಟಗಾಗುತ್ತದೆ, ಮೊನೆ ಚಿಕ್ಕದು. 14ನೆಯ ಶತಮಾನದ ನಡುವಿನವು ಭಾರಿ ಉದ್ದ, ಅಗಲ, ದೊಡ್ಡ ಮೊನೆ. ಇವುಗಳಲ್ಲಿ ಬಹಳಷ್ಟನ್ನು ಮುಂದಿನವರು ಬುಡದಿಂದ ಕತ್ತರಿಸಿ ಗಿಡ್ಡ ಮಾಡಿಕೊಂಡರು, ಹಾಗಾಗಿ ಕಮ್ಮಾರನ ಸಹಿಯೂ ಹೋಯಿತು. 1661ರಿಂದ 1673ರವರೆಗಿನ ಕಾನ್‌ಬುನ್ ವರ್ಷಗಳ ಕತಾನವಂತೂ ಹೆಚ್ಚುಕಡಿಮೆ ನೇರ, ಮೊನೆಯತ್ತ ಹೋದಂತೆ ಸಣ್ಣಗಾಗುತ್ತದೆ. ಈ ಮೂರು ಆಕಾರಗಳನ್ನು ಕಣ್ಣು ಗುರುತಿಸಿದರೆ ದೊಡ್ಡ ಮೆಟ್ಟಿಲು ಹತ್ತಿದಂತೆ.

ಮುಂದಿನದಕ್ಕೆ ಒಂಟಿ ಬಲ್ಬು ಬೇಕು, ಟ್ಯೂಬ್‌ಲೈಟ್ ಕೆಲಸಕ್ಕೆ ಬಾರದು. ಮಡಚಿ ಮಡಚಿ ಬಡಿದ ಉಕ್ಕಿನ ಮೈಯಲ್ಲಿ ಮರದ ಹಲಗೆಯ ನಾರಿನಂಥ ನೇಯ್ಗೆ ಕಾಣುತ್ತದೆ. ಅದು ನೆಟ್ಟಗೆ ಹರಿದಿದ್ದರೆ ಯಾಮಾತೊ ಕಡೆಯ ಸುಳಿವು. ನಂತರ ಅಲಗನ್ನು ದೀಪದ ಕಡೆ ಚಾಚಿ, ಬೆಳಕು ಬಾಯಿಯ ಉದ್ದಕ್ಕೂ ಜಾರುವಂತೆ ಮೆಲ್ಲಗೆ ಓಲಿಸಿ. ಆಗ ಕಾಣುವ ಬಿಳಿ ಗೆರೆ ಹಾಮೊನ್. ನೀರಿಗಿಳಿಸುವ ಮುನ್ನ ಕಮ್ಮಾರ ಬೆನ್ನಿಗೆ ದಪ್ಪಗೆ, ಬಾಯಿಗೆ ತೆಳ್ಳಗೆ ಮಣ್ಣು ಮೆತ್ತುತ್ತಾನೆ. ತೆಳ್ಳಗಿದ್ದ ಕಡೆ ಬೇಗ ತಣಿದು ಗಡುಸಾಗುತ್ತದೆ. ಗಡುಸು ಮತ್ತು ಮೆದುವಿನ ಗಡಿಯೇ ಈ ಗೆರೆ. ಗಡಿಯಲ್ಲಿ ಬಿಡಿಬಿಡಿಯಾಗಿ ಹೊಳೆಯುವ ಕಣ ಕಂಡರೆ ನಿಎ, ಮಂಜಿನಂತೆ ಒಂದಾಗಿ ಕಂಡರೆ ನಿಓಇ. ಸೋಶು ಕಮ್ಮಾರರು ಮೊದಲನೆಯದಕ್ಕೆ ಹೆಸರಾದವರು, ಬಿಝೆನ್‌ನವರು ಎರಡನೆಯದಕ್ಕೆ. ಅಗ್ಗದ ನಕಲಿನಲ್ಲಿ ಆಮ್ಲದಿಂದ ಬರೆದ ಗೆರೆ ಯಾವ ಕೋನದಿಂದ ನೋಡಿದರೂ ಒಂದೇ ಥರ ಬೆಳ್ಳಗೆ ಕಾಣುತ್ತದೆ, ಅದರೊಳಗೆ ಕಣವಿಲ್ಲ.

ಈ ಗೆರೆ ಮೊನೆಯೊಳಗೂ ತಿರುಗಿ ಹೋಗಿದೆಯೇ ನೋಡಿ. ಇಲ್ಲದಿದ್ದರೆ ಮೊನೆ ಎಂದೋ ಮುರಿದು ಮತ್ತೆ ತಿದ್ದಿದ್ದಾಗಿರಬಹುದು. ಬಾಯಿಗೆ ಅಡ್ಡಲಾಗಿ ಕೂದಲೆಳೆಯ ಬಿರುಕು, ಅಂದರೆ ಹಾಗಿರೆ, ಇದ್ದರೆ ಸಂಗ್ರಾಹಕರ ಪಾಲಿಗೆ ಆ ಅಲಗು ಸತ್ತಂತೆ. ಸಣ್ಣ ಗುಳ್ಳೆ, ಬೆಸುಗೆ ಬಿಟ್ಟ ಗೆರೆ ಹಳೆಯ ಕತ್ತಿಯಲ್ಲಿ ಕ್ಷಮ್ಯ.

ಕಣ್ಣಿಗೆ ಪರೀಕ್ಷೆ ಬೇಕೆಂದರೆ ಕಾಂತೆಯಿ ಕೂಟಕ್ಕೆ ಸೇರಿಕೊಳ್ಳಿ. ಸಹಿ ಇರುವ ಭಾಗವನ್ನು ಮುಚ್ಚಿ ಅಲಗು ಕೊಡುತ್ತಾರೆ, ನೀವು ಕಮ್ಮಾರನ ಹೆಸರು ಬರೆದು ಕೊಡಬೇಕು. ಸರಿಯಿದ್ದರೆ ‘ಅತಾರಿ’, ಅದೇ ಪರಂಪರೆಯ ಹತ್ತಿರದವನಾದರೆ ‘ದೋಝೆನ್’, ತಪ್ಪಿದರೆ ‘ಇಯಾ’. ಹೊಸಬರಿಗೆ ‘ಇಯಾ’ ಬಿದ್ದರೆ ಯಾರೂ ನಗುವುದಿಲ್ಲ.

ಹೆಸರು ನೋಡಿ ಮೋಸ ಹೋಗುವುದು

ಬಿದಿರಿನ ಆಣಿ ತೆಗೆದು ಹಿಡಿ ಕಳಚಿದಾಗ ಕಾಣುವುದು ನಕಾಗೊ. ಇಲ್ಲಿನ ಕಪ್ಪುಗಂದು ತುಕ್ಕು ವಯಸ್ಸಿಗೆ ಸಾಕ್ಷಿ. ಅರ ಉಜ್ಜಿದ ಗೆರೆಗಳ ಓರೆ, ಆಣಿಯ ತೂತುಗಳ ಸಂಖ್ಯೆ, ಕೆತ್ತಿದ ಅಕ್ಷರದೊಳಗಿನ ತುಕ್ಕು ಸುತ್ತಲಿನದಕ್ಕೆ ಹೊಂದುತ್ತದೆಯೇ ಎಂಬುದು, ಎಲ್ಲವೂ ಮಾತಾಡುತ್ತವೆ. ಅಕ್ಷರ ಮಾತ್ರ ಹೊಸದಾಗಿ ಕಂಡರೆ ಆ ಕತ್ತಿಯ ಗೊಡವೆಗೆ ಹೋಗಬೇಡಿ.

ಸುಳ್ಳು ಸಹಿ ಈ ಲೋಕದಲ್ಲಿ ನೂರಾರು ವರ್ಷಗಳಿಂದ ನಡೆದುಬಂದ ಕಸುಬು. 17ನೆಯ ಶತಮಾನದ ನಾಗಾಸೊನೆ ಕೊತೆತ್ಸು ಎಂಬ ಕಮ್ಮಾರನ ಹೆಸರು ಕಂಡ ಕೂಡಲೇ ನಕಲಿಯೆಂದೇ ಎಣಿಸುವುದು ವಾಡಿಕೆ. ನಿಜವಾದ ಸಹಿಯೂ ದಾರಿ ತಪ್ಪಿಸೀತು. 16ನೆಯ ಶತಮಾನದ ಯುದ್ಧಕಾಲದಲ್ಲಿ ಒಸಾಫುನೆಯ ಸುಕೆಸಾದಾ ಹೆಸರಿನಲ್ಲಿ ರಾಶಿಗಟ್ಟಲೆ ಕತ್ತಿ ತಯಾರಾದವು. ಅದೇ ಹೆಸರಿನ ಆಯ್ದ ಕೆಲಸಗಳಲ್ಲಿ ಕಮ್ಮಾರನ ಬಿಡಿ ಹೆಸರೂ ಸೇರಿ ಉದ್ದನೆಯ ಸಹಿ ಇರುತ್ತದೆ. ಬೆಲೆಯಲ್ಲಿ ಅಜಗಜಾಂತರ.

ಸಹಿಯಿಲ್ಲದ ಒಳ್ಳೆಯ ಅಲಗು ಸುಳ್ಳು ಸಹಿಯ ದೊಡ್ಡ ಹೆಸರಿಗಿಂತ ಮೇಲು, ಇದು ನನ್ನ ಖಚಿತ ಅಭಿಪ್ರಾಯ. ಮೊದಲ ಖರೀದಿಗೆ ಆ ಸಂರಕ್ಷಣಾ ಸಂಸ್ಥೆಯ ಪ್ರಮಾಣಪತ್ರವಿರುವ ಕತ್ತಿಯನ್ನೇ ಆರಿಸಿ. ದರ್ಜೆಗಳು ಕೆಳಗಿನಿಂದ ಹೋಝೊನ್, ತೋಕುಬೆತ್ಸು ಹೋಝೊನ್, ಜೂಯೊ, ತೋಕುಬೆತ್ಸು ಜೂಯೊ. 1982ಕ್ಕೆ ಹಿಂದಿನ ಹಳೆಯ ಪತ್ರಗಳನ್ನು, ಮುಖ್ಯವಾಗಿ ಹಸಿರು ಬಣ್ಣದವನ್ನು, ಅನುಭವಿಗಳು ಪೂರ್ತಿ ನಂಬುವುದಿಲ್ಲ. ಜಪಾನಿನಿಂದ ಹೊರಗೆ ಒಯ್ಯಲು ಅಲ್ಲಿನ ಸಂಸ್ಕೃತಿ ಇಲಾಖೆಯ ಅನುಮತಿ ಬೇಕು. ಭಾರತಕ್ಕೆ ತರುವುದಾದರೆ 1959ರ ಶಸ್ತ್ರಾಸ್ತ್ರ ಕಾಯ್ದೆ ಅಡ್ಡ ಬರುತ್ತದೆ, ಆಮದಿಗೆ ಪರವಾನಗಿ ಬೇಕು. ಹಣ ಕಟ್ಟುವ ಮುನ್ನ ವಿಚಾರಿಸಿ.

ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕರೆ

1945ರಲ್ಲಿ ಬರ್ಮಾ, ಮಲಯಗಳಲ್ಲಿ ಶರಣಾದ ಜಪಾನಿ ಅಧಿಕಾರಿಗಳ ಕತ್ತಿಗಳಲ್ಲಿ ಕೆಲವು ಭಾರತೀಯ ಸೈನ್ಯದವರ ಕೈಗೂ ಬಂದವು. ಸೈನಿಕ ಮನೆತನಗಳಲ್ಲಿ ಇಂಥದ್ದು ಸಿಕ್ಕರೆ ಆಶ್ಚರ್ಯವಿಲ್ಲ. ಹೆಚ್ಚಿನವು ಯುದ್ಧಕಾಲದಲ್ಲಿ ಕಾರ್ಖಾನೆ ಉಕ್ಕಿನಿಂದ ಮಾಡಿದವು. ಆದರೆ ಸೈನ್ಯದ ಹಿಡಿಯೊಳಗೆ ನಾನೂರು ವರ್ಷದ ಮನೆತನದ ಅಲಗು ಅಡಗಿರುವುದೂ ಉಂಟು. ಮೊದಲು ಪರವಾನಗಿಯ ವಿಷಯ ಪೊಲೀಸ್ ಠಾಣೆಯಲ್ಲಿ ವಿಚಾರಿಸಿಕೊಳ್ಳಿ. ನಕಾಗೊವಿನ ಎರಡೂ ಬದಿಯ ಸ್ಪಷ್ಟ ಚಿತ್ರ ತೆಗೆದು ಬಲ್ಲವರಿಗೆ ಕಳುಹಿಸಿ. ಅಲ್ಲಿಯ ತುಕ್ಕನ್ನು ಕೆರೆಯಬೇಡಿ, ಅಲಗಿಗೆ ಮರಳು ಕಾಗದ ಮುಟ್ಟಿಸಬೇಡಿ, ಕೊಬ್ಬರಿ ಎಣ್ಣೆ ಸವರಬೇಡಿ. ಕತ್ತಿಗೆಂದೇ ಸಿಗುವ ಲವಂಗದ ವಾಸನೆಯ ಖನಿಜ ತೈಲ ತೆಳ್ಳಗೆ ಹಚ್ಚಿದರೆ ಸಾಕು. ಆಯುಧಪೂಜೆಯ ದಿನ ಅರಿಶಿನ ಕುಂಕುಮವನ್ನು ಒರೆಯ ಮುಂದಿಟ್ಟ ತಟ್ಟೆಗೆ ಹಾಕಿ, ಅಲಗಿಗೆ ಬೇಡ.