ಕನ್ನಡಿ ಡಿಸ್ಕನ್ನು ಒಮ್ಮೆ ನೋಡಿಬಿಡಿ

ಮನೆಯ ನ್ಯಾಸ್ ಪೆಟ್ಟಿಗೆಗೆ ಎರಡು ಹಾರ್ಡ್ ಡಿಸ್ಕ್ ಹಾಕಿ, ಒಂದು ಇನ್ನೊಂದರ ಕನ್ನಡಿಯಾಗುವಂತೆ ರೇಡ್ 1 ಮಾಡಿ, ಮಕ್ಕಳ ಫೋಟೊಗಳನ್ನೆಲ್ಲ ತುಂಬಿಸಿ ನಿಶ್ಚಿಂತೆಯಿಂದ ಇದ್ದೀರಾ? ಒಂದು ಡಿಸ್ಕ್ ಕೆಟ್ಟರೂ ಫೈಲುಗಳು ಎಂದಿನಂತೆ ತೆರೆಯುತ್ತವೆ. ಅಪಾಯ ಇರುವುದೇ ಅಲ್ಲಿ. ತಿಂಗಳುಗಟ್ಟಲೆ ಒಂಟಿ ಡಿಸ್ಕಿನ ಮೇಲೆ ಎಲ್ಲ ನಡೆದಿದ್ದರೂ ಗೊತ್ತಾಗದು. ಆದ್ದರಿಂದ ಇಮೇಲ್ ಎಚ್ಚರಿಕೆಯನ್ನು ಇವತ್ತೇ ಹಾಕಿಕೊಳ್ಳಿ, ಪರೀಕ್ಷೆಗೆಂದು ಒಂದು ಸಂದೇಶ ಕಳಿಸಿ, ಬಂತೇ ನೋಡಿ. ತಿಂಗಳಿಗೊಮ್ಮೆ ಸ್ಕ್ರಬ್ ಓಡಿಸಿ. ಎರಡೂ ಡಿಸ್ಕುಗಳ ಮೂಲೆಮೂಲೆಯನ್ನು ಅದು ಓದುತ್ತದೆ. ವರ್ಷಗಳಿಂದ ಯಾರೂ ತೆರೆಯದ ಮದುವೆ ವಿಡಿಯೊ ಇರುವ ಜಾಗ ಹಾಳಾಗಿದ್ದರೆ ತಿಳಿಯುವುದು ಹಾಗೆಯೇ. ಡಿಸ್ಕ್ ಎಳೆದು ಪರೀಕ್ಷಿಸುವ ಮನಸ್ಸಿದ್ದರೆ ಮೊದಲು ಬೇರೆಡೆ ಪ್ರತಿ ತೆಗೆದಿಡಿ. ಎಳೆದ ಡಿಸ್ಕನ್ನು ಮತ್ತೆ ಹಾಕಿದರೆ ಮರುಜೋಡಣೆಗೆ ಗಂಟೆಗಟ್ಟಲೆ ಹಿಡಿಯುತ್ತದೆ, ಅಷ್ಟೂ ಹೊತ್ತು ಭಾರವೆಲ್ಲ ಒಂದರ ಮೇಲೆಯೇ. ಕೈತಪ್ಪಿ ಅಳಿಸಿದ ಫೋಟೊವಂತೂ ಎರಡರಲ್ಲೂ ಒಟ್ಟಿಗೇ ಹೋಗುತ್ತದೆ. ಅದಕ್ಕೂ ಆ ಪ್ರತಿಯೇ ಬೇಕು. ಅದನ್ನು ಅಕ್ಕನ ಮನೆಯಲ್ಲಿಡಿ.