ಮಳೆ ನಕ್ಷತ್ರ ನೋಡಿ ಚೀಲ ಕಟ್ಟಿ

ಹಾವೇರಿ ಜಿಲ್ಲೆ ಎಂದರೆ ಬರೀ ಬಿಸಿಲು ಎಂದು ದೂರದ ಊರಿನವರು ನಂಬಿಬಿಟ್ಟಿದ್ದಾರೆ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ನೋಡಲು ಹೊರಟವರು ಫೋನ್ ಮಾಡಿ, ತೆಳ್ಳನೆಯ ಬಟ್ಟೆ ನಾಲ್ಕು ಜೊತೆ ತಂದರೆ ಸಾಕಲ್ಲವೇ ಎಂದು ಕೇಳುತ್ತಾರೆ. ಈಗ ಯಾವ ಮಳೆ ನಡೆದಿದೆ, ಮೊದಲು ಯಾವ ಊರಿಗೆ ಹೋಗುತ್ತೀರಿ ಎಂದು ನಾನು ಮರಳಿ ಕೇಳುತ್ತೇನೆ. ಈ ಎರಡಕ್ಕೂ ಉತ್ತರ ಸಿಗದೆ ಇಲ್ಲಿಗೆ ಚೀಲ ಕಟ್ಟುವುದು ಕಷ್ಟ.

ನಾಲ್ಕೂ ಊರು ಸಮುದ್ರಮಟ್ಟದಿಂದ ಸುಮಾರು 550–600 ಮೀಟರ್ ಎತ್ತರದ ಬಯಲಿನಲ್ಲಿವೆ. ಆದರೆ ಹಾನಗಲ್ ತಾಲ್ಲೂಕಿನ ಪಡುವಣ ಅಂಚು ಮುಂಡಗೋಡ, ಶಿರಸಿ ಕಡೆಯ ಕಾಡಿಗೆ ತಾಗಿಕೊಂಡಿದೆ. ಅದು ಅರೆಮಲೆನಾಡು: ಕೆಂಪು ಮಣ್ಣು, ಭತ್ತದ ಗದ್ದೆ, ಮಾವಿನ ತೋಪು, ಊರಿಗೊಂದು ಕೆರೆ. ಮೂಡಣಕ್ಕೆ ಸವಣೂರಿನತ್ತ ಸಾಗಿದಂತೆ ಮಳೆ ಇಳಿಯುತ್ತದೆ, ಮಣ್ಣು ಕಪ್ಪಾಗುತ್ತದೆ, ತಾಟಿನಲ್ಲಿ ಅನ್ನದ ಜಾಗಕ್ಕೆ ಜೋಳದ ರೊಟ್ಟಿ ಬರುತ್ತದೆ. ಒಂದೇ ದಿನ ಬೆಳಿಗ್ಗೆ ಹಾನಗಲ್ಲಿನಲ್ಲಿ ಜಿಟಿಜಿಟಿ ಮಳೆಗೆ ನೆನೆದು, ಮಧ್ಯಾಹ್ನ ಸವಣೂರಿನ ಬಿಸಿಲಲ್ಲಿ ಅಂಗಿ ಒಣಗಿಸಿಕೊಂಡ ಅನುಭವ ನನಗೆ ಒಂದೆರಡು ಸಲವಲ್ಲ, ಬಹಳ ಸಲ ಆಗಿದೆ.

ಬೇಸಿಗೆ ಇಲ್ಲಿ ಶಿವರಾತ್ರಿಯಿಂದಲೇ ಶುರು. ಹೋಳಿ ಹುಣ್ಣಿಮೆ ಕಳೆದ ಮೇಲೆ ಬಿಸಿಲು ಬಲಿಯುತ್ತದೆ, ಏಪ್ರಿಲ್ ಮಧ್ಯಾಹ್ನ 38 ಡಿಗ್ರಿಯ ಸುತ್ತಮುತ್ತ ಇರುತ್ತದೆ. ಸಡಿಲವಾದ, ತುಂಬುತೋಳಿನ ಹತ್ತಿ ಅಂಗಿ, ತಲೆಗೆ ಸುತ್ತಲು ಒಂದು ದೊಡ್ಡ ಹತ್ತಿಯ ಟವಲ್, ಎರಡು ಲೀಟರ್ ಹಿಡಿಯುವ ನೀರಿನ ಬಾಟಲಿ, ಒಂದೆರಡು ಓಆರ್‌ಎಸ್ ಪೊಟ್ಟಣ ಬೇಕು. ಟೋಪಿಗಿಂತ ಟವಲ್ ಮೇಲು. ನೀರಲ್ಲಿ ಅದ್ದಿ ಕುತ್ತಿಗೆಗೆ ಹಾಕಿಕೊಂಡರೆ ಬಸ್ಸಿನ ಕಿಟಕಿಯ ಬಿಸಿಗಾಳಿಯೂ ತಂಪಾಗುತ್ತದೆ. ಈ ಟವಲನ್ನು ಯಾವ ಕಾಲದಲ್ಲೂ ಬಿಟ್ಟು ಬರಬೇಡಿ.

ಬೇಸಿಗೆಯವರು ಮರೆಯುವ ಇನ್ನೊಂದು ವಸ್ತು ಕಾಲುಚೀಲ. ಹಾನಗಲ್ಲಿನ ತಾರಕೇಶ್ವರ ಗುಡಿ ನೋಡುವವರು ಚಪ್ಪಲಿ ಕಳಚಿ ಒಳಗೆ ಹೋಗಬೇಕು. ಕಲ್ಯಾಣದ ಚಾಲುಕ್ಯರ ಕಾಲದ ಆ ಗುಡಿಯ ಸುತ್ತಲ ಕಲ್ಲುಹಾಸು ಹನ್ನೊಂದು ಗಂಟೆಗೇ ಕಾದ ಹಂಚಾಗಿರುತ್ತದೆ. ದಪ್ಪ ಹತ್ತಿಯ ಕಾಲುಚೀಲ ಹಾಕಿಕೊಂಡವರು ನಿಧಾನವಾಗಿ ಸುತ್ತುತ್ತಾರೆ, ಉಳಿದವರು ಕುಪ್ಪಳಿಸುತ್ತ ಓಡುತ್ತಾರೆ. ಓಡಿ ನೋಡುವ ಗುಡಿಯಲ್ಲ ಅದು. ಮಂಟಪದ ನೆತ್ತಿಯಲ್ಲಿ ಸುತ್ತುಸುತ್ತಾಗಿ ಕಡೆದು, ನಡುವೆ ತೂಗುಬಿಟ್ಟ ಕಮಲ ಇದೆ. ಒಳಗೆ ಬೆಳಕು ಕಡಿಮೆ, ಹೊರಗಿನ ಝಳದಿಂದ ಬಂದ ಕಣ್ಣಿಗೆ ಮೊದಲು ಏನೂ ಕಾಣುವುದಿಲ್ಲ. ಒಂದು ಸಣ್ಣ ಟಾರ್ಚ್ ಇರಲಿ. ನೆಲಕ್ಕೆ ಟವಲ್ ಹಾಸಿ ಅಂಗಾತ ಮಲಗಿ ಹತ್ತು ನಿಮಿಷ ನೋಡಿ. ಈ ನಾಲ್ಕು ತಾಲ್ಲೂಕುಗಳಲ್ಲಿ ಮನುಷ್ಯ ಮಾಡಿದ ವಸ್ತುಗಳಲ್ಲಿ ಅದಕ್ಕಿಂತ ಚೆಲುವಾದದ್ದನ್ನು ನಾನು ಕಂಡಿಲ್ಲ.

ಸವಣೂರಿನ ದೊಡ್ಡಹುಣಸೆ ಮರಗಳ ವಿಚಾರದಲ್ಲೂ ಕಾಲ ನೋಡಬೇಕು. ಕಲ್ಮಠದ ಆವರಣದ ಆ ಮೂರು ಮರಗಳು ನಮ್ಮ ಹುಣಸೆಯಲ್ಲ, ಆಫ್ರಿಕಾ ಮೂಲದ ಬಾವೊಬಾಬ್. ಬೇಸಿಗೆಯಲ್ಲಿ ಅವು ಎಲೆ ಉದುರಿಸಿ ಬೋಳಾಗಿ ನಿಲ್ಲುತ್ತವೆ. ಅಷ್ಟು ದೊಡ್ಡ ಮರದ ಕೆಳಗೆ ನೆರಳು ಸಿಕ್ಕೀತೆಂದು ನಂಬಿ ಏಪ್ರಿಲ್ ನಡುಹಗಲಿಗೆ ಹೋದವರಿಗೆ ನಿರಾಸೆ. ಬೋಳಾದಾಗ ಅವುಗಳ ಮೈಕಟ್ಟು ಚೆನ್ನಾಗಿ ಕಾಣುತ್ತದೆ, ಹಸಿರು ಬೇಕೆಂದರೆ ಮಳೆ ಹಿಡಿದ ಮೇಲೆ ಬನ್ನಿ. 2023ರ ಜುಲೈ ಮಳೆಯಲ್ಲಿ ಮೂರರಲ್ಲೊಂದು ಬುಡಸಮೇತ ಉರುಳಿತು, ಕೊಂಬೆ ಸವರಿ ಅದನ್ನು ಮತ್ತೆ ನೆಟ್ಟು ನಿಲ್ಲಿಸಿದರು. ಅದರ ಬುಡದ ಮಣ್ಣು ತುಳಿಯದೆ ದೂರದಿಂದಲೇ ನೋಡಿ.

ಇನ್ನು ಮಳೆ. ನಮ್ಮ ಕಡೆ ತಿಂಗಳ ಹೆಸರಿಗಿಂತ ನಕ್ಷತ್ರದ ಹೆಸರು ಬಾಯಲ್ಲಿ ಹೆಚ್ಚು. ಒಂದೊಂದು ಮಳೆಗೆ ಹದಿಮೂರು ಹದಿನಾಲ್ಕು ದಿನ. ಏಪ್ರಿಲ್ ಮಧ್ಯದಲ್ಲಿ ಅಶ್ವಿನಿ, ಕೊನೆಗೆ ಭರಣಿ, ಮೇ ಎರಡನೇ ವಾರದಿಂದ ಕೃತ್ತಿಕಾ, 25ರ ಸುಮಾರಿಗೆ ರೋಹಿಣಿ. ರೋಹಿಣಿ ಸುರಿದರೆ ಓಣಿಯೆಲ್ಲ ಜೋಳ ಎನ್ನುತ್ತಾರೆ. ಇವೆಲ್ಲ ಗುಡುಗಿನ ಮಳೆಗಳು. ಬೆಳಗಿನಿಂದ ಕುದಿ, ಮಧ್ಯಾಹ್ನ ಮೂರು ನಾಲ್ಕಕ್ಕೆ ಮೋಡ ಕಟ್ಟಿ ಧೂಳೆದ್ದು, ಅರ್ಧ ಗಂಟೆ ಬಡಿದು ಹೋಗುತ್ತದೆ, ಕೆಲವೊಮ್ಮೆ ಆಣೆಕಲ್ಲು ಸಮೇತ. ಕ್ಯಾಮೆರಾ, ಫೋನ್ ಹಾಕಿಡಲು ದಪ್ಪ ಪ್ಲಾಸ್ಟಿಕ್ ಚೀಲವೊಂದು ಸಾಕು. ಆದರೆ ಸಿಡಿಲನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬಯಲಿನ ಒಂಟಿಮರದ ಕೆಳಗೆ ನಿಲ್ಲದೆ ಮನೆಯನ್ನೋ ವಾಹನವನ್ನೋ ಸೇರಿಕೊಳ್ಳಿ. ಹಾನಗಲ್ ಕಡೆಯ ಮಾವು ತಿನ್ನುವ ಆಸೆಯಿದ್ದವರಿಗೆ ಮೇ ತಿಂಗಳೇ ಸರಿ.

ಜೂನ್ ಮೊದಲ ವಾರ ಕಳೆದು ಮೃಗಶಿರ ಕೂಡಿದರೆ ಮುಂಗಾರು. ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ ಮುಗಿಯುವ ಆಗಸ್ಟ್ ಮಧ್ಯದವರೆಗೆ ಹಾನಗಲ್ಲಿನಲ್ಲಿ ದಿನಗಟ್ಟಲೆ ಜಡಿ. ಕೊಡೆ ತರುವವರಿಗೆ ನನ್ನ ಸಲಹೆ: ಅದನ್ನು ಮನೆಯಲ್ಲೇ ಬಿಡಿ. ಆಷಾಢದ ಗಾಳಿ ಶಿಗ್ಗಾಂವಿಯ ಬಯಲಿನಲ್ಲಿ ಕೊಡೆಯನ್ನು ತಿರುಗುಮುರುಗು ಮಾಡಿಬಿಡುತ್ತದೆ. ಮೊಣಕಾಲು ಮುಚ್ಚುವ ರೇನ್‌ಕೋಟ್ ತನ್ನಿ. ಜೀನ್ಸ್ ಬೇಡ, ಒಮ್ಮೆ ನೆನೆದರೆ ಎರಡು ದಿನ ಒಣಗುವುದಿಲ್ಲ. ಬೇಗ ಒಣಗುವ ಪ್ಯಾಂಟ್, ಹೆಚ್ಚುವರಿ ಒಳಉಡುಪು ಇರಲಿ.

ಚಪ್ಪಲಿಯ ಮಾತು ಸ್ವಲ್ಪ ಬಿಡಿಸಿ ಹೇಳಬೇಕು. ಎರೆಮಣ್ಣು ಒಣಗಿದಾಗ ಬಿರುಕು, ನೆನೆದಾಗ ಅಂಟು. ಸವಣೂರು ಕಡೆ ಮಳೆಯಾದ ಮೇಲೆ ಹೊಲದ ಬದುವಿನಲ್ಲಿ ಹತ್ತು ಹೆಜ್ಜೆ ಇಟ್ಟರೆ ಒಂದೊಂದು ಕಾಲಿಗೆ ಒಂದೊಂದು ಕಿಲೋ ಮಣ್ಣು ಮೆತ್ತಿಕೊಳ್ಳುತ್ತದೆ. ಬಟ್ಟೆಯ ಬೂಟು ಅಲ್ಲಿಗೇ ಮುಗಿಯಿತು. ಹಿಂದೆ ಪಟ್ಟಿಯಿರುವ, ತೊಳೆದರೆ ಶುಚಿಯಾಗುವ ರಬ್ಬರಿನ ಸ್ಯಾಂಡಲ್ಸ್ ಒಳ್ಳೆಯದು. ಹಿರೇಕೆರೂರು ಕಡೆಯ ಮದಗ ಮಾಸೂರಿಗೂ ಅದೇ ಆಗಬೇಕು. ಜನಪದರು ಹಾಡಿ ಹೊಗಳಿದ ಮದಗದ ಕೆರೆ ಇದೇ ಎನ್ನುತ್ತಾರೆ, ಕುಮುದ್ವತಿ ನದಿ ತುಂಬಿಸುವ ಕೆರೆ. ಮಳೆಗಾಲ ಬಲಿತು ಕೆರೆ ಕೋಡಿ ಬಿದ್ದರೆ ನೀರು ಬಂಡೆಗಳ ಮೇಲೆ ಜಲಪಾತವಾಗಿ ಇಳಿಯುತ್ತದೆ. ಆ ಬಂಡೆಗಳ ಮೇಲೆ ಪಾಚಿ ಇರುತ್ತದೆ, ಸೆಲ್ಫಿಗಾಗಿ ಅಂಚಿಗೆ ಹೋಗಬೇಡಿ. ಸರ್ವಜ್ಞನ ನೆನಪಿರುವ ಮಾಸೂರು, ಅಬಲೂರು ಎರಡೂ ಈ ಸೀಮೆಯಲ್ಲೇ ಇವೆ.

ಜುಲೈ–ಆಗಸ್ಟ್‌ನಲ್ಲಿ ಹೊರಡುವವರು ವರದಾ ನದಿಯ ಸುದ್ದಿ ಕೇಳಿಕೊಂಡೇ ಹೊರಡಬೇಕು. ಸಾಗರದ ಬಳಿಯ ವರದಾಮೂಲದಲ್ಲಿ ಹುಟ್ಟುವ ಈ ಹೊಳೆ ನಿಮ್ಮೂರಲ್ಲಿ ಬಿಸಿಲಿದ್ದಾಗಲೂ ಮಲೆನಾಡಿನ ಮಳೆಗೆ ಉಕ್ಕುತ್ತದೆ. 2019ರ ಆಗಸ್ಟ್‌ನ ನೆರೆಯಲ್ಲಿ ಹಾನಗಲ್, ಸವಣೂರು ತಾಲ್ಲೂಕಿನ ಹೊಳೆದಂಡೆಯ ಊರುಗಳು ಅನುಭವಿಸಿದ್ದನ್ನು ಇಲ್ಲಿನವರು ಮರೆತಿಲ್ಲ. ನೀರು ಹರಿಯುವ ತಗ್ಗು ಸೇತುವೆ ಎದುರಾದರೆ ಗಾಡಿ ತಿರುಗಿಸಿ.

ಇಷ್ಟೆಲ್ಲ ತೊಂದರೆಯಿದ್ದರೂ ಮಳೆಗಾಲದಲ್ಲಿ ಬಂದವರಿಗೆ ಬಂಕಾಪುರ ಇದೆ. ಶಿಗ್ಗಾಂವಿ ತಾಲ್ಲೂಕಿನ ಈ ಹಳೆಯ ಕೋಟೆಯೊಳಗೇ ನವಿಲುಧಾಮವಿದೆ, ಅರವತ್ತು ಕಂಬದ ಗುಡಿ ಎಂದು ಕರೆಯುವ ನಗರೇಶ್ವರ ದೇವಾಲಯವೂ ಇದೆ. ಗಂಡುನವಿಲಿಗೆ ತುಂಬು ಗರಿ ಇರುವುದು, ಅದು ಕುಣಿಯುವುದು ಮುಂಗಾರಿನ ಮೊದಲ ದಿನಗಳಲ್ಲಿ. ಮಳೆಗಾಲ ಮುಗಿಯುವ ಹೊತ್ತಿಗೆ ಗರಿ ಉದುರಿಹೋಗುತ್ತದೆ. ಜೂನ್, ಜುಲೈನಲ್ಲಿ ನಸುಕಿಗೇ ಹೋಗಿ, ಮಣ್ಣುಬಣ್ಣದ ಬಟ್ಟೆ ತೊಟ್ಟು ಸುಮ್ಮನೆ ಕುಳಿತುಕೊಳ್ಳಿ. ಸಣ್ಣ ದುರ್ಬೀನು ಇದ್ದರೆ ಸಾರ್ಥಕ. ಕನಕದಾಸರು ಹುಟ್ಟಿದ ಬಾಡ, ಶರೀಫರ ಶಿಶುನಾಳ, ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ, ಅಲ್ಲಿಯೇ ಇರುವ ಉತ್ಸವ ರಾಕ್ ಗಾರ್ಡನ್ ಎಲ್ಲವೂ ಇದೇ ತಾಲ್ಲೂಕಿನವು.

ದೀಪಾವಳಿಯಿಂದ ಸಂಕ್ರಾಂತಿಯವರೆಗೆ ಹವೆ ಚೆನ್ನ. ಹಗಲು ಹಿತವಾದ ಬಿಸಿಲು, ಡಿಸೆಂಬರ್ ನಸುಕಿನಲ್ಲಿ 15 ಡಿಗ್ರಿಯ ಆಸುಪಾಸು. ತೆಳ್ಳನೆಯ ಬಟ್ಟೆ ಸಾಕೆಂದು ಬಂದವರು ನಡುಗುವುದು ಇಲ್ಲೇ: ಒಂದು ಸ್ವೆಟರ್, ಕಿವಿ ಮುಚ್ಚುವ ಬಟ್ಟೆ, ತುಟಿಗೆ ಹಚ್ಚಲು ತುಪ್ಪವೋ ವ್ಯಾಸಲೀನೋ ಇರಲಿ. ಹಾನಗಲ್, ಹಿರೇಕೆರೂರು ಸುತ್ತ ಕೊಬ್ಬರಿ ಹೋರಿ ಬೆದರಿಸುವ ಸ್ಪರ್ಧೆ ನಡೆಯುವ ಕಾಲವೂ ಇದು. ಕೊರಳಿಗೆ ಕೊಬ್ಬರಿ ಹಾರ ಕಟ್ಟಿದ ಹೋರಿ ಜನರ ನಡುವೆ ಬಾಣದಂತೆ ನುಗ್ಗುತ್ತದೆ. ನೋಡಲೇಬೇಕೆಂದರೆ ಗಟ್ಟಿ ಬೂಟು ಹಾಕಿ, ಜೋತಾಡುವ ಬಟ್ಟೆ ಬಿಟ್ಟು, ಮಾಳಿಗೆ ಹತ್ತಿ ನಿಲ್ಲಿ. ಮಕ್ಕಳನ್ನು ಕೆಳಗಿಳಿಸಬೇಡಿ. ಸಂಕ್ರಾಂತಿ ದಾಟಿ ಬ್ಯಾಡಗಿ ಮೇಲೆ ಹಾಯುವವರು ಮಾಸ್ಕ್ ಇಟ್ಟುಕೊಳ್ಳಿ, ಮಾರುಕಟ್ಟೆಗೆ ಮೆಣಸಿನಕಾಯಿ ಹರಿದು ಬರುವ ದಿನಗಳಲ್ಲಿ ಗಾಳಿಯೇ ಖಾರ.

ರೈಲಿಗೆ ಹಾವೇರಿ ನಿಲ್ದಾಣ ಅನುಕೂಲ. ತಂಗುವುದೂ ಅಲ್ಲೇ ಮೇಲು, ಬೆಳಿಗ್ಗೆ ಹೊರಟು ಸಂಜೆಗೆ ಮರಳಬಹುದು. ದಿನಕ್ಕೊಂದು ತಾಲ್ಲೂಕು ಸಾಕು. ನಾಲ್ಕನ್ನೂ ಎರಡು ದಿನದಲ್ಲಿ ಮುಗಿಸಲು ಹೋದರೆ ರಸ್ತೆ ಬಿಟ್ಟು ಬೇರೇನೂ ನೋಡಿರುವುದಿಲ್ಲ.

ಬರುವಾಗ ಚೀಲದ ಕಾಲುಭಾಗ ಖಾಲಿಯಿರಲಿ, ಸವಣೂರನ್ನು ಕೊನೆಗಿಟ್ಟುಕೊಳ್ಳಿ. ಅಲ್ಲಿ ಕೊಳ್ಳುವ ಖಾರ ಎಂಬ ಕುರುಕಲು ತಿಂಡಿ ಗಾಳಿಯಾಡದ ಡಬ್ಬಿಯಲ್ಲಿ ವಾರ ಇರುತ್ತದೆ. ಅಲ್ಲಿನ ವೀಳ್ಯದೆಲೆ ಮಾತ್ರ ಬಿಸಿಲು ತಾಳದು: ಆ ಹತ್ತಿಯ ಟವಲನ್ನು ನೆನೆಸಿ ಹಿಂಡಿ, ಎಲೆಯ ಕಟ್ಟನ್ನು ಅದರಲ್ಲಿ ಸುತ್ತಿ, ಎಲ್ಲಕ್ಕಿಂತ ಮೇಲೆ ಇಡಿ. ಊರು ಮುಟ್ಟಿದ ದಿನವೇ ಬಿಚ್ಚಿ.