ಕನ್ನಡಕಕ್ಕೆ ಬಂದವರನ್ನು ಕೇಳಬೇಕಾದ ಪ್ರಶ್ನೆಗಳು

ಗ್ಲಾಕೋಮಾ ಬಂದಿದೆ ಎಂದು ಹೇಳಿಕೊಂಡು ತಾಲ್ಲೂಕು ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೆ ಯಾರೂ ಬರುವುದಿಲ್ಲ. ಪೇಪರ್ ಓದಲು ಕನ್ನಡಕ ಬೇಕು, ಪೊರೆ ಬಂದಿದೆಯೇನೋ ನೋಡಿ, ಡ್ರೈವಿಂಗ್ ಲೈಸೆನ್ಸ್‌ಗೆ ಸರ್ಟಿಫಿಕೇಟ್ ಕೊಡಿ ಎನ್ನುತ್ತ ಬರುತ್ತಾರೆ. ನೇತ್ರಾಧಿಕಾರಿಯಾಗಿ ದುಡಿದ ನನಗೆ ಈ ಕಾಯಿಲೆ ಯಾರಿಗೆ ಬರುತ್ತದೆ, ಏಕೆ ಬರುತ್ತದೆ ಎಂಬುದನ್ನು ಹೆಚ್ಚಾಗಿ ಕಲಿಸಿದವರು ಹೀಗೆ ಬೇರೇನೋ ಕೆಲಸಕ್ಕೆ ಬಂದವರೇ. ದಕ್ಷಿಣ ಭಾರತದಲ್ಲಿ ಮನೆಮನೆಯ ಜನರನ್ನು ಕರೆತಂದು ನಡೆಸಿದ ದೊಡ್ಡ ಸಮೀಕ್ಷೆಗಳಲ್ಲಿ ಗ್ಲಾಕೋಮಾ ಪತ್ತೆಯಾದ ಹತ್ತು ಜನರಲ್ಲಿ ಒಂಬತ್ತು ಮಂದಿಗೆ ಅದು ತಮಗಿದೆ ಎಂಬುದು ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.

ಗೊತ್ತಾಗದಿರಲು ಕಾರಣವಿದೆ. ಕಣ್ಣಿನೊಳಗೆ ಸದಾ ಒಂದು ತಿಳಿ ದ್ರವ ಹುಟ್ಟುತ್ತಿರುತ್ತದೆ. ಕಪ್ಪುಗುಡ್ಡೆಯ ಅಂಚಿನಲ್ಲಿರುವ ಜರಡಿಯಂಥ ಜಾಲದಿಂದ ಸೋಸಿ ಹೋಗಿ ರಕ್ತಕ್ಕೆ ಸೇರುತ್ತದೆ. ಆ ದಾರಿ ಕಟ್ಟಿದರೆ ಕಣ್ಣಿನ ಒತ್ತಡ ಏರುತ್ತದೆ, ಹಿಂಬದಿಯ ದೃಷ್ಟಿನರದ ಹತ್ತು ಹನ್ನೆರಡು ಲಕ್ಷ ಎಳೆಗಳು ಸ್ವಲ್ಪಸ್ವಲ್ಪವಾಗಿ ಸಾಯತೊಡಗುತ್ತವೆ. ಮೊದಲು ಹೋಗುವುದು ಅಕ್ಕಪಕ್ಕದ ನೋಟ. ನಡುವಿನ ನೋಟ ಕೊನೆಯವರೆಗೂ ಉಳಿದಿರುತ್ತದೆ. ಗೋಡೆಯ ಅಕ್ಷರಗಳನ್ನು ಕೊನೇ ಸಾಲಿನವರೆಗೆ ತಡವರಿಸದೆ ಓದಿದವರ ನರ ಅರ್ಧಕ್ಕರ್ಧ ಸತ್ತಿರುವುದು ಉಂಟು. ಸತ್ತ ಎಳೆ ಮತ್ತೆ ಚಿಗುರುವುದಿಲ್ಲ.

ಹಳೆಯ ಶಿಯೋಟ್ಸ್ ಟೋನೋಮೀಟರಿನಲ್ಲಿ ಒತ್ತಡ ನೋಡುವುದು ಹೀಗೆ. ರೋಗಿಯನ್ನು ಅಂಗಾತ ಮಲಗಿಸಿ, ಮರಗಟ್ಟುವ ಹನಿ ಹಾಕಿ, ಚಾವಣಿಯ ಒಂದೇ ಕಡೆ ದಿಟ್ಟಿಸಲು ಹೇಳಿ, ಐದೂವರೆ ಗ್ರಾಂ ತೂಕದ ಕಡ್ಡಿಯನ್ನು ಕಣ್ಣಿನ ಮೇಲೆ ನೆಟ್ಟಗೆ ನಿಲ್ಲಿಸಬೇಕು. ಕಣ್ಣು ಮೆತ್ತಗಿದ್ದರೆ ಕಡ್ಡಿ ಒಳಗಿಳಿದು ಮುಳ್ಳು ಮುಂದಕ್ಕೆ ಓಡುತ್ತದೆ, ಗಟ್ಟಿಯಾಗಿದ್ದರೆ ಸೊನ್ನೆಯ ಹತ್ತಿರವೇ ನಿಲ್ಲುತ್ತದೆ. ಮುಳ್ಳು 5ರಲ್ಲಿ ನಿಂತರೆ ಒತ್ತಡ ಸುಮಾರು 17, 3ರಲ್ಲಿ ನಿಂತರೆ 24. ಸಾಮಾನ್ಯವಾಗಿ 10ರಿಂದ 21ರವರೆಗೆ ಸರಿ ಎನ್ನುತ್ತಾರೆ.

ಆದರೆ ಈ ಮುಳ್ಳನ್ನೊಂದೇ ನಂಬಿದರೆ ಕೆಡುತ್ತದೆ. ಒತ್ತಡ ಹೆಚ್ಚಿದ್ದೂ ನರ ಇನ್ನೂ ಕೆಡದವರನ್ನು ಆರಿಸಿ ಅಮೆರಿಕದಲ್ಲಿ ನಡೆಸಿದ ಅಧ್ಯಯನವೊಂದು 2002ರಲ್ಲಿ ಹೊರಬಂತು. ಔಷಧ ಹಾಕದೆ ಬಿಟ್ಟವರಲ್ಲೂ ಐದು ವರ್ಷದಲ್ಲಿ ಗ್ಲಾಕೋಮಾ ಬಂದದ್ದು ನೂರಕ್ಕೆ 9.5 ಮಂದಿಗೆ, ಹನಿ ಹಾಕಿಕೊಂಡವರಲ್ಲಿ 4.4 ಮಂದಿಗೆ. ಕಪ್ಪುಗುಡ್ಡೆಯ ಮೇಲಿನ ಪಾರದರ್ಶಕ ಪದರ ತೆಳ್ಳಗಿರುವವರಿಗೆ ಅಪಾಯ ಹೆಚ್ಚು ಎಂದು ತೋರಿಸಿಕೊಟ್ಟದ್ದೂ ಇದೇ ಅಧ್ಯಯನ. ಅಂಥವರಲ್ಲಿ ಯಂತ್ರ ಒತ್ತಡವನ್ನು ಕಡಿಮೆಯಾಗಿ ತೋರಿಸುತ್ತದೆ ಬೇರೆ. ಇನ್ನು ಜಪಾನಿನ ತಾಜಿಮಿ ಊರಿನ ಸಮೀಕ್ಷೆಯಲ್ಲಿ ದೀರ್ಘಕಾಲದ ಗ್ಲಾಕೋಮಾ ಇದ್ದವರ ಪೈಕಿ ಹತ್ತರಲ್ಲಿ ಒಂಬತ್ತು ಮಂದಿಯ ಒತ್ತಡ 21ರ ಒಳಗೇ ಇತ್ತು! ಹಾಗಾಗಿ ಒತ್ತಡ ನೋಡಿದ ಮೇಲೆ ನರವನ್ನೂ ನೋಡಬೇಕು, ಎದುರು ಕೂತವರನ್ನು ವಿಚಾರಿಸಲೂಬೇಕು.

ಒಬ್ಬ ನಿವೃತ್ತ ಮೇಷ್ಟ್ರು ಓದುವ ಕನ್ನಡಕ ಬದಲಿಸಲು ಬಂದಿದ್ದರು. ಬಾಗಿಲು ದಾಟುವಾಗ ಬಲಭುಜ ಚೌಕಟ್ಟಿಗೆ ತಾಗಿತು. "ಮನೇಲಿ ಯಾರಿಗಾದ್ರೂ ಕಣ್ಣು ಹೋಗಿತ್ತಾ ಮೇಷ್ಟ್ರೇ?" ಎಂದರೆ, "ನಮ್ಮ ತಂದೆಯವರಿಗೆ ಹೋಗಿತ್ತು. ವಯಸ್ಸಾಗಿತ್ತಲ್ಲ ಸಾರ್, ಹಾಗೇ ಹೋಯ್ತು" ಎಂದರು. ವಯಸ್ಸಾಯಿತು, ಕಣ್ಣು ಹೋಯಿತು ಎಂದು ಎಷ್ಟೋ ಮನೆಗಳಲ್ಲಿ ಅಲ್ಲಿಗೇ ಮಾತು ಮುಗಿಸಿಬಿಡುತ್ತಾರೆ. ಮೇಷ್ಟ್ರ ಎರಡೂ ಕಣ್ಣಿನ ನರ ಸವೆದಿತ್ತು. ತಮ್ಮ, ತಂಗಿಯನ್ನೂ ಕರೆತನ್ನಿ ಎಂದು ಬಿಡದೆ ಒತ್ತಾಯಿಸಿದ ಮೇಲೆ ಇಬ್ಬರೂ ಬಂದರು. ಯಾವ ತೊಂದರೆಯೂ ಇಲ್ಲವೆನ್ನುತ್ತಿದ್ದ ತಂಗಿಯ ಕಣ್ಣಲ್ಲೂ ಅದೇ ರೋಗ ಶುರುವಾಗಿತ್ತು. ನೆದರ್‌ಲ್ಯಾಂಡ್ಸ್‌ನ ರಾಟರ್‌ಡ್ಯಾಮ್‌ನಲ್ಲಿ ರೋಗಿಗಳ ಮಕ್ಕಳನ್ನೂ ಒಡಹುಟ್ಟಿದವರನ್ನೂ ಪರೀಕ್ಷಿಸಿ 1998ರಲ್ಲಿ ಹಾಕಿದ ಲೆಕ್ಕದಂತೆ, ಅಂಥವರಿಗೆ ಜೀವಮಾನದಲ್ಲಿ ಗ್ಲಾಕೋಮಾ ಬರುವ ಸಂಭವ ನೂರಕ್ಕೆ 22, ಉಳಿದವರಿಗೆ 2.3. ಮನೆಯಲ್ಲಿ ಒಬ್ಬರಿಗಿದ್ದರೆ ಉಳಿದವರು 40 ದಾಟಿದ ಮೇಲೆ ತಪ್ಪದೆ ತೋರಿಸಿಕೊಳ್ಳಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ರಕ್ತಸಂಬಂಧದ ಇನ್ನೊಂದು ಮುಖ ಎಳೆಯ ಮಕ್ಕಳಲ್ಲಿ ಕಾಣುತ್ತದೆ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವುದು ನಮ್ಮಲ್ಲಿ ಇನ್ನೂ ನಿಂತಿಲ್ಲ. ಅಪ್ಪ, ಅಮ್ಮ ಇಬ್ಬರಲ್ಲೂ ಒಂದೇ ದೋಷದ ಜೀನ್ ಅಡಗಿದ್ದರೆ ಮಗುವಿಗೆ ಹುಟ್ಟಿನಿಂದಲೇ ಗ್ಲಾಕೋಮಾ ಬರಬಹುದು. ಕೂಸಿನ ಕಣ್ಣುಗುಡ್ಡೆ ಇನ್ನೂ ಎಳೆಯದಾದ್ದರಿಂದ ಒತ್ತಡಕ್ಕೆ ಹಿಗ್ಗುತ್ತದೆ. ನೆಂಟರಿಷ್ಟರು "ಎಂಥ ಬಟ್ಟಲುಗಣ್ಣು" ಎಂದು ದೃಷ್ಟಿ ತೆಗೆಯುತ್ತಾರೆ. ಆ ಕೂಸು ಬೆಳಕಿಗೆ ಮುಖ ತಿರುಗಿಸುತ್ತಿದ್ದರೆ, ಕಣ್ಣಲ್ಲಿ ಸದಾ ನೀರು ಸುರಿಯುತ್ತಿದ್ದರೆ, ಕಪ್ಪುಗುಡ್ಡೆ ಮಸುಕಾಗಿದ್ದರೆ ಒಂದು ದಿನವೂ ಕಾಯಬಾರದು. ಇಲ್ಲಿ ಹನಿ ಔಷಧ ಸಾಲದು, ಆಪರೇಷನ್ನೇ ಬೇಕಾಗುತ್ತದೆ.

ದಿಢೀರನೆ ಬರುವ ಗ್ಲಾಕೋಮಾ ಬೇರೆಯೇ ಬಗೆ. ಏಷ್ಯಾದವರಲ್ಲಿ, ಅದರಲ್ಲೂ 50 ದಾಟಿದ ಹೆಂಗಸರಲ್ಲಿ, ಪ್ಲಸ್ ಪವರ್ ಇರುವ ಗಿಡ್ಡ ಕಣ್ಣಿನವರಲ್ಲಿ ಇದು ಹೆಚ್ಚು. ದ್ರವ ಹೊರಹೋಗುವ ಕೋನವೇ ಅವರಿಗೆ ಇಕ್ಕಟ್ಟು. ವಯಸ್ಸಾದಂತೆ ಮಸೂರ ದಪ್ಪಗಾಗಿ ಅದು ಇನ್ನಷ್ಟು ಕಿರಿದಾಗುತ್ತದೆ, ಮಬ್ಬುಗತ್ತಲಲ್ಲಿ ಪಾಪೆ ಹಿಗ್ಗಿದಾಗ ಒಮ್ಮೆಲೇ ಮುಚ್ಚಿಕೊಳ್ಳುತ್ತದೆ. ತಲೆ ಸಿಡಿತ, ವಾಂತಿ, ಕೆಂಪುಗಣ್ಣು, ದೀಪದ ಸುತ್ತ ಬಣ್ಣದ ಬಳೆ. ವಾಂತಿ ಎಂದ ಕೂಡಲೇ ಗ್ಯಾಸ್ಟ್ರಿಕ್ ಎಂದು ಮಾತ್ರೆ ನುಂಗಿ ಎರಡು ದಿನ ಕಳೆದು ಬಂದ ತಾಯಂದಿರನ್ನು ಕಂಡಿದ್ದೇನೆ. ಅಷ್ಟರಲ್ಲಿ ನೋಟ ಹೋಗಿರುತ್ತದೆ. ಕಿವಿಯ ಕಡೆಯಿಂದ ಕಣ್ಣಿಗೆ ಅಡ್ಡಲಾಗಿ ಟಾರ್ಚ್ ಬಿಟ್ಟರೆ ಸಾಕು, ಮೂಗಿನ ಕಡೆಯ ಅರ್ಧ ನೆರಳಾಗಿ ಉಳಿದರೆ ಕೋನ ಕಿರಿದು ಎಂಬ ಅನುಮಾನ ಬರಬೇಕು. ಮೊದಲೇ ಗೊತ್ತಾದರೆ ಲೇಸರ್‌ನಿಂದ ಪುಟ್ಟ ರಂಧ್ರ ಮಾಡಿ ತಪ್ಪಿಸಬಹುದು.

ಪೊರೆ ಬಲಿಯಲಿ ಎಂದು ವರ್ಷಗಟ್ಟಲೆ ಕಾಯುವುದೂ ಅಪಾಯವೇ, ಬಲಿತ ಪೊರೆ ಊದಿಕೊಂಡು ಇದೇ ಕೋನವನ್ನು ಅಮುಕುತ್ತದೆ. ಹುಡುಗಾಟದಲ್ಲಿ ಕಣ್ಣಿಗೆ ಬಿದ್ದ ಕ್ರಿಕೆಟ್ ಚೆಂಡಿನ ಪೆಟ್ಟು ಎಷ್ಟೋ ವರ್ಷದ ಮೇಲೆ ಗ್ಲಾಕೋಮಾ ಆಗಿ ಬರುತ್ತದೆ. ದಪ್ಪ ಮೈನಸ್ ಗಾಜಿನವರು, ಸಕ್ಕರೆ ಕಾಯಿಲೆಯವರು ಎಚ್ಚರವಾಗಿರಬೇಕು.

ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ನಾವೇ ಕೊಂಡು ತರುವ ಗ್ಲಾಕೋಮಾ. ಬೇಸಗೆ ಬಂತೆಂದರೆ ಕಣ್ಣು ಕೆಂಪಾಗಿ, ತುರಿಸಿ, ಉಜ್ಜಿಕೊಂಡು ಅಳುವ ಹುಡುಗರು ಊರೂರಲ್ಲಿ ಇದ್ದಾರೆ. ಅಂಥ ಹುಡುಗನೊಬ್ಬನ ತಾಯಿ ಸೆರಗಿನ ಗಂಟಿನಿಂದ ಒಂದು ಪುಟ್ಟ ಬಾಟಲಿ ತೆಗೆದು ಮೇಜಿನ ಮೇಲಿಟ್ಟರು. "ಇದು ಒಂದು ಹನಿ ಬಿಟ್ರೆ ಸಾಕು ಸಾರ್, ಕಡಿತ ನಿಂತೋಗುತ್ತೆ. ಮೂರು ವರ್ಷದಿಂದ ಇದೇ ತರ್ತೀವಿ." ಲೇಬಲ್ಲಿನ ಸಣ್ಣ ಅಕ್ಷರದಲ್ಲಿ ಡೆಕ್ಸಾಮೆಥಾಸೋನ್ ಎಂದಿತ್ತು. ಅದು ಸ್ಟಿರಾಯ್ಡ್, ವೈದ್ಯರ ಚೀಟಿಯಿಲ್ಲದೆ ಕೊಡಬಾರದ ಔಷಧ. ಮೆಡಿಕಲ್ ಶಾಪಿನಲ್ಲಿ ಹಳೇ ಬಾಟಲಿ ತೋರಿಸಿದರೆ ಹೊಸದು ಸಿಗುತ್ತಿತ್ತು. ಹುಡುಗನ ಕಣ್ಣು ಹಾಲಿನಷ್ಟು ಬೆಳ್ಳಗಿತ್ತು. ಮುಳ್ಳು ಮಾತ್ರ ಸೊನ್ನೆ ಬಿಟ್ಟು ಕದಲಲಿಲ್ಲ.

ಸ್ಟಿರಾಯ್ಡ್ ಹನಿಯನ್ನು ಕೆಲವು ವಾರ ಹಾಕಿದರೆ ಸುಮಾರು ಮೂವರಲ್ಲಿ ಒಬ್ಬರಿಗೆ ಒತ್ತಡ ಒಂದಿಷ್ಟು ಏರುತ್ತದೆ, ನೂರರಲ್ಲಿ ನಾಲ್ಕೈದು ಮಂದಿಗೆ ವಿಪರೀತ ಏರುತ್ತದೆ ಎಂದು 1960ರ ದಶಕದಲ್ಲೇ ಕಂಡುಕೊಂಡಿದ್ದಾರೆ. ಆ ನಾಲ್ಕೈದು ಮಂದಿ ಯಾರು ಎಂದು ಮುಖ ನೋಡಿ ಹೇಳಲಾಗದು. ಮಾತ್ರೆ, ಇನ್‌ಹೇಲರ್, ಮುಖಕ್ಕೆ ಹಚ್ಚುವ ಮುಲಾಮಿನಲ್ಲೂ ಸ್ಟಿರಾಯ್ಡ್ ಇರುತ್ತದೆ. ವೈದ್ಯರು ಬರೆದುಕೊಟ್ಟದ್ದನ್ನು ಹೆದರಿ ತಟಕ್ಕನೆ ನಿಲ್ಲಿಸಬಾರದು, ನಡುನಡುವೆ ಕಣ್ಣಿನ ಒತ್ತಡ ನೋಡಿಸಿಕೊಳ್ಳಬೇಕು.

ಹುಡುಗನನ್ನು ದೊಡ್ಡಾಸ್ಪತ್ರೆಗೆ ಕಳಿಸಿದೆವು. ಬಾಟಲಿ ಬಿಡಿಸಿದ ಮೇಲೆ ಒತ್ತಡ ಇಳಿಯಿತು. ಎಡಗಣ್ಣಿನ ಪಕ್ಕದ ನೋಟ ಹೋದದ್ದು ಹೋಯಿತು. ತುರಿಕೆ ಈಗಲೂ ಬೇಸಗೆಗೆ ಬರುತ್ತದೆ. ತಣ್ಣೀರಿನ ಬಟ್ಟೆ ಇಡುತ್ತಾರೆ, ಸ್ಟಿರಾಯ್ಡ್ ಇಲ್ಲದ ಅಲರ್ಜಿ ಹನಿ ಹಾಕುತ್ತಾರೆ, ಅದಕ್ಕೂ ಬಗ್ಗದಿದ್ದರೆ ಸೈಕ್ಲೋಸ್ಪೋರಿನ್ ಹನಿ ಬರೆದುಕೊಟ್ಟಿದ್ದಾರೆ. ಮೊದಲಿನ ಹನಿಯಂತೆ ಇವು ಬಿಟ್ಟ ಕೂಡಲೇ ತಂಪೆನಿಸುವುದಿಲ್ಲ, ಕೆಲವು ದಿನ ಹಿಡಿಯುತ್ತದೆ ಎಂದು ತಾಯಿಗೆ ಮೊದಲೇ ಬಿಡಿಸಿ ಹೇಳಬೇಕಾಯಿತು. ಇಲ್ಲದಿದ್ದರೆ ವಾರದೊಳಗೆ ಹಳೇ ಬಾಟಲಿಯೇ ಮನೆಗೆ ಬರುತ್ತಿತ್ತು.